ದೋಣಿ ಮಿಷನ್ನಿನಲ್ಲಿ ಪಾಸ್ ಮಾರ್ಕು

ತಡವಾಗಿ ಶುರು ಮಾಡಿದವನಿಗೆ ಅವಸರ ಜಾಸ್ತಿ. ಇದು ಯಾವ ದೊಡ್ಡವರೂ ಹೇಳಿದ ಮಾತಲ್ಲ, ನನ್ನ ಮೈಮೇಲೆ ನಾನೇ ಪರೀಕ್ಷೆ ಮಾಡಿ ಕಂಡುಕೊಂಡದ್ದು. ಒಂದು ಬಸ್ಸು ತಪ್ಪಿಸಿಕೊಂಡವನು ಮುಂದಿನ ಬಸ್ಸು ಬರುವ ಮೊದಲೇ ಓಡುವುದಕ್ಕೆ ನಿಲ್ಲುತ್ತಾನಲ್ಲ, ಹಾಗೆ. ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತಾಗ ನನಗೆ ಮೀಸೆ ಬಂದಿತ್ತು ಎಂದರೆ ಸಾಲದು, ಆ ಮೀಸೆಯಲ್ಲಿ ಒಂದೆರಡು ಬಿಳಿ ಕೂದಲೂ ಇದ್ದವು. ಕೊಠಡಿಯ ಮೇಷ್ಟ್ರು "ತಂದೆತಾಯಿಗಳೆಲ್ಲ ಗೇಟಿಂದ ಆಚೆ ಇರ್ಬೇಕು" ಎಂದರು. ಹಾಲ್ ಟಿಕೆಟ್ ತೋರಿಸಿದ ಮೇಲೆ ಅವರ ಗಂಟಲು ಇಳಿದು "ಕೂತ್ಕೊಳ್ಳಿ ಸಾರ್" ಆಯಿತು. ಸಾರ್ ಎನ್ನಿಸಿಕೊಂಡು ಗಣಿತದಲ್ಲಿ ಫೇಲಾಗುವುದು ಬಹಳ ಕಷ್ಟ. ಆದರೂ ಆದೆ, ಮತ್ತೆ ಮತ್ತೆ ಆದೆ. ಕೊನೆಗೊಂದು ಸಲ ಸರಿಯಾಗಿ ಮೂವತ್ತೈದು ಬಂತು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಅಂದಿನಿಂದ ಮೂವತ್ತೈದು ಎನ್ನುವ ಅಂಕಿ ಎಲ್ಲಿ ಕಂಡರೂ, ಲಾರಿಯ ಹಿಂದೆ ಕಂಡರೂ, ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ. ಈ ಭಕ್ತಿಯೇ ಮುಂದೆ ನನ್ನನ್ನು ಮುಳುಗಿಸಿತು. ಅದೂ ಒಂದು ಹನಿ ನೀರಿಲ್ಲದ ಕಡೆ.

ನಮ್ಮ ಮನೆ ಭದ್ರಾವತಿಯ ಜನ್ನಾಪುರದಲ್ಲಿ. ಕೆಲಸ ಮಾಚೇನಹಳ್ಳಿಯ ಒಂದು ಎರಕದ ಕಾರ್ಖಾನೆಯಲ್ಲಿ, ಮಾಲು ಹೊರಗೆ ಕಳಿಸುವ ಸೆಕ್ಷನ್ನು. ಹಿಂದೆ ಅಲ್ಲೇ ಅಚ್ಚಿನ ಪೆಟ್ಟಿಗೆ ಹೊರುತ್ತಿದ್ದೆ. ಪಾಸಾದ ಮೇಲೆ ಕುರ್ಚಿ ಕೊಟ್ಟರು, ಜೊತೆಗೆ ಟೈಪ್ ಮಾಡುವ ಕೆಲಸ ಕೊಟ್ಟರು. ಮೊದಲು ಟೈಪ್‌ರೈಟರ್ ಇತ್ತು, ಈಚೆಗೆ ಕಂಪ್ಯೂಟರ್ ಬಂದಿದೆ. ಯಂತ್ರ ಬದಲಾದರೂ ನನ್ನ ಬೆರಳು ಎರಡೇ. ಅಕ್ಷರ ಹುಡುಕಿ, ಅದು ಅದೇ ಹೌದೋ ಅಲ್ಲವೋ ಎಂದು ಇನ್ನೊಮ್ಮೆ ನೋಡಿ, ಆಮೇಲೆ ಒತ್ತುತ್ತೇನೆ. ಲಾರಿ ಡ್ರೈವರುಗಳು ನನ್ನ ಚಲನ್ನಿಗಾಗಿ ಕಾಯುತ್ತಾ ಊಟ ಮುಗಿಸಿ ಒಂದು ನಿದ್ದೆಯನ್ನೂ ತೆಗೆಯುತ್ತಾರೆ. ಅಂದರೆ ಕೈ ನಿಧಾನ, ಒಳಗೆ ಮಾತ್ರ ಅವಸರ. ಒಳಗೊಂದು ಹೊರಗೊಂದು ವೇಗ ಇಟ್ಟುಕೊಂಡವನಿಗೆ ಬಿಪಿ ಬರದೆ ಇನ್ನೇನು ಬರುತ್ತದೆ?

ಬಂತು. ಶಿವಮೊಗ್ಗದ ದುರ್ಗಿಗುಡಿಯ ಮಹಡಿಯೊಂದರಲ್ಲಿ ಕೂರುವ ನಮ್ಮ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ಊದಿ, ಪಾದರಸ ಇಳಿಯುವುದನ್ನು ನೋಡಿ ತಲೆ ಅಲ್ಲಾಡಿಸಿದರು.

"ಕಾಳಪ್ಪ, ಬಿಪಿ ಹತ್ತಿದೆ. ಮಾತ್ರೆ ಈಗ್ಲೇ ಬೇಡ, ಎರಡು ತಿಂಗಳು ನೋಡೋಣ. ವ್ಯಾಯಾಮ ಮಾಡಿ. ಉಪ್ಪಿನಕಾಯಿ ಪೂರ್ತಿ ಬಿಟ್ಬಿಡಿ."

"ಪೂರ್ತೀನಾ ಸಾರ್?"

"ಎರಡು ತಿಂಗಳು ಪೂರ್ತಿ. ಬಿಪಿ ಇಳಿದ್ರೆ ಆಮೇಲೆ ಯೋಚ್ನೆ ಮಾಡೋಣ. ಇಳೀಲಿಲ್ಲ ಅಂದ್ರೆ ಜೀವನಪೂರ್ತಿ."

ಓದುಗರು ಇದನ್ನು ಸಣ್ಣ ಮಾತು ಅಂದುಕೊಳ್ಳಬಾರದು. ನನ್ನ ಹೆಂಡತಿ ಸರೋಜ ಅಪ್ಪೆಮಿಡಿ ಹಾಕುವುದರಲ್ಲಿ ತನ್ನ ತಾಯಿಯನ್ನೇ ಮೀರಿಸಿದವಳು. ತೊಟ್ಟು ಮುರಿಯದ ಮಿಡಿಯನ್ನು ಆರಿಸಿ, ಉಪ್ಪಿನಲ್ಲಿ ಸುಕ್ಕುಗಟ್ಟಿಸಿ, ಮಸಾಲೆ ಅರೆದು ತುಂಬಿಟ್ಟ ಜಾಡಿ ಆ ವರ್ಷ ಆಗತಾನೆ ಹದಕ್ಕೆ ಬಂದಿತ್ತು. ಮುಚ್ಚಳ ತೆಗೆದರೆ ಪಕ್ಕದ ಮನೆಯವರಿಗೆ ಹಸಿವಾಗುವ ಪರಿಮಳ. ಮೊಸರನ್ನಕ್ಕೆ ಅದು ಇರಲಿಲ್ಲವೆಂದರೆ ನನಗೆ ಊಟ ಮುಗಿದ ಹಾಗೆ ಆಗುವುದೇ ಇಲ್ಲ, ಬರೀ ನಿಲ್ಲಿಸಿದ ಹಾಗೆ. ಡಾಕ್ಟರು ಹೇಳಿದ್ದನ್ನು ಕೇಳಿ ಸರೋಜ ಜಾಡಿಯ ಬಾಯಿಗೆ ಬಟ್ಟೆ ಬಿಗಿದು ಅಟ್ಟದ ಮೇಲಿಟ್ಟಳು.

"ನಿಮ್ಮ ಬಿಪಿ ಕೆಳಗೆ ಬಂದ ದಿನ ಇದನ್ನೂ ಕೆಳಗೆ ತರ್ತೀನಿ."

"ವಾಸನೆನಾದ್ರೂ ತೋರ್ಸೆ ಮಾರಾಯ್ತಿ."

"ವಾಸ್ನೇಲೂ ಉಪ್ಪಿರುತ್ತೆ ರೀ. ಸುಮ್ನಿರಿ."

ಇನ್ನು ವ್ಯಾಯಾಮ. ಕಾರ್ಖಾನೆಯಲ್ಲಿ ಪೆಟ್ಟಿಗೆ ಹೊತ್ತ ಮೊಣಕಾಲು ನನ್ನದು, ಮೆಟ್ಟಿಲು ಇಳಿಯುವಾಗ ಕಟಕಟ ಎನ್ನುತ್ತದೆ. ಹಾಗಾಗಿ ಡಾಕ್ಟರು ಓಡುವುದು ಬೇಡ, ಕೂತು ಮಾಡುವ ವ್ಯಾಯಾಮ ಯಾವುದಾದರೂ ಮಾಡಿ ಎಂದಿದ್ದರು. ಕೂತು ಮಾಡುವ ವ್ಯಾಯಾಮ! ಇಂಥದ್ದೊಂದು ಇದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ಎಂದೋ ಪೈಲ್ವಾನನಾಗಿರುತ್ತಿದ್ದೆ. ಡಾಕ್ಟರ ಮಹಡಿಯಿದ್ದ ರಸ್ತೆಯ ಹಳೆಯ ಗೋಡೌನಿನಲ್ಲಿ ಆಗ ಒಂದು ಜಿಮ್ ಶುರುವಾಗಿತ್ತು. ನಡೆಸುತ್ತಿದ್ದವರು ಮಿಲಿಟರಿಯಿಂದ ನಿವೃತ್ತರಾಗಿ ಬಂದ ಹವಾಲ್ದಾರ್ ಚಂದ್ರಣ್ಣ. ನಾನು ಒಳಗೆ ಹೋಗಿ ಒಂದೊಂದೇ ಯಂತ್ರ ನೋಡುತ್ತಾ ಸೀಟು ಇರುವುದನ್ನು ಹುಡುಕಿದೆ. ಮೂಲೆಯಲ್ಲಿ ಸಿಕ್ಕಿತು. ಉದ್ದನೆಯ ಹಳಿ, ಅದರ ಮೇಲೆ ಹಿಂದೆ ಮುಂದೆ ಜಾರುವ ಪುಟ್ಟ ಸೀಟು, ಮುಂದುಗಡೆ ಫ್ಯಾನಿನಂಥ ಚಕ್ರ, ಚಕ್ರದಿಂದ ಹೊರಟ ಸರಪಳಿ, ಅದರ ತುದಿಗೊಂದು ಹಿಡಿ. ಪಾದಕ್ಕೆ ಪಟ್ಟಿ ಕಟ್ಟಿಕೊಂಡು, ಕಾಲು ಒದ್ದು, ಹಿಡಿ ಎಳೆದರೆ ಆಯಿತು. ಕೂತಲ್ಲೇ ದೋಣಿಗೆ ಹುಟ್ಟು ಹಾಕಿದ ಹಾಗೆ. ಚಂದ್ರಣ್ಣ ಮಿಲಿಟರಿಯಲ್ಲಿದ್ದಾಗ ನಿಜವಾದ ದೋಣಿಯ ರೇಸಿಗೆ ಇಳಿದವರಂತೆ. ಯಾರದೋ ಹಳೆಯ ಯಂತ್ರವನ್ನು ಆಸೆಪಟ್ಟು ತಂದಿಟ್ಟಿದ್ದರು. ಊರಿನ ಜನ ಅದರ ಮೇಲೆ ಟವೆಲ್ಲು ಒಣಗಿಸುತ್ತಿದ್ದರು. ಊರಲ್ಲೇ ಹರಿಯುವ ತುಂಗೆಯನ್ನು ಬಿಟ್ಟು ಗೋಡೌನಿನಲ್ಲಿ ದೋಣಿ ನಡೆಸುವ ಮೊದಲ ಗಿರಾಕಿ ನಾನೇ.

ಹಿಡಿಯ ಎದುರಿಗೆ ಅಂಗೈಯಗಲದ ಒಂದು ಗಾಜು, ಅದರಲ್ಲಿ ಅಂಕಿ ಮೂಡುತ್ತದೆ. ನಾನು ನಾಲ್ಕು ಸಲ ಎಳೆದೆ. ಇಪ್ಪತ್ತೆರಡು ಎಂದು ಬಂತು. ಗಣಿತದಲ್ಲಿ ಮೊದಲ ಸಲ ಬಂದದ್ದೂ ಅಷ್ಟೇ. ಹಲ್ಲು ಕಚ್ಚಿ ಎಳೆದೆ. ಇಪ್ಪತ್ತೇಳು. ಸೀಟು ಹಳಿಯ ಮೇಲೆ ಗಡಗಡ ಎನ್ನುತ್ತಿತ್ತು. ಮೂವತ್ತೊಂದು. ಕಣ್ಣಿಗೆ ಬೆವರು ಇಳಿಯಿತು. ಇನ್ನು ನಾಲ್ಕೇ ನಾಲ್ಕು, ಕಾಳಪ್ಪ, ಬಿಡಬೇಡ! ಮೂವತ್ತೈದು. ಹಿಡಿ ಬಿಟ್ಟು "ಪಾಸು!" ಎಂದೆ. ಬಿಟ್ಟ ಹಿಡಿ ಸರಪಳಿಯ ಸಮೇತ ಓಡಿಹೋಗಿ ಚಕ್ರಕ್ಕೆ ಬಡಿಯಿತು. ಚಂದ್ರಣ್ಣ ಓಡಿ ಬಂದರು.

"ಏನ್ರೀ ಕಾಳಪ್ಪನೋರೇ, ಯಾರಾದ್ರೂ ಬೆನ್ನತ್ತಿದಾರಾ?"

"ಮೂವತ್ತೈದು ಬಂತು ಸಾರ್."

"ಅದು ಮಾರ್ಕಲ್ಲ ಮಾರಾಯ್ರೇ! ನಿಮಿಷಕ್ಕೆ ಎಷ್ಟು ಸಲ ಎಳೀತೀರಿ ಅನ್ನೋ ಲೆಕ್ಕ. ಮೂವತ್ತೈದು ರೇಸಲ್ಲಿ ಹೊಡಿಯೋದು, ಅದೂ ಎಳೇ ಹುಡುಗ್ರು. ನಿಮಗೆ ಇಪ್ಪತ್ತು. ಅದ್ರ ಮೇಲೆ ಹೋದ್ರೆ ಎಬ್ಬಿಸಿ ಕಳಿಸ್ತೀನಿ."

"ಇಪ್ಪತ್ತು ಅಂದ್ರೆ ಫೇಲಲ್ವಾ?"

ಚಂದ್ರಣ್ಣ ಗಡಿಯಲ್ಲಿ ಏನೇನೋ ಕಂಡವರು, ಇಂಥದ್ದನ್ನು ಕಂಡಿರಲಿಲ್ಲ ಅಂತ ಕಾಣುತ್ತದೆ.

ಇಪ್ಪತ್ತಕ್ಕೆ ಇಳಿಯುವುದು ಎಷ್ಟು ಕಷ್ಟ ಎಂದು ಹತ್ತುವವರಿಗೆ ಗೊತ್ತಾಗುವುದಿಲ್ಲ. ಮೊದಲ ವಾರ ನಾನು ಸುಮ್ಮನೆ ಮೆತ್ತಗೆ ಎಳೆದೆ, ಹಸುವಿನ ಹಗ್ಗ ಹಿಡಿದ ಹಾಗೆ. "ನಿಧಾನ ಅಂದ್ರೆ ನಿದ್ದೆ ಅಲ್ಲ ಕಣ್ರೀ," ಎಂದು ಬೈದರು ಚಂದ್ರಣ್ಣ. "ಎಳಿಯೋದು ಜೋರಾಗೇ ಎಳೀಬೇಕು. ವಾಪಸ್ ಬರೋದಿದೆಯಲ್ಲ, ಅದು ನಿಧಾನ. ಎಳಿಯೋದು ಒಂದು ಪಾಲು, ಬರೋದು ಎರಡು ಪಾಲು." ಕೇಳುವುದಕ್ಕೆ ಸುಲಭ. ಆದರೆ ನನ್ನ ಜೀವನದಲ್ಲಿ ವಾಪಸ್ಸು ಬರುವುದು ಅಂದರೆ ಯಾವಾಗಲೂ ಓಟವೇ. ಶಿಫ್ಟು ಬಿಟ್ಟರೆ ಮಾಚೇನಹಳ್ಳಿಯಿಂದ ಶಿವಮೊಗ್ಗದ ಬಸ್ಸಿಗೆ ಓಡು, ಜಿಮ್ಮಿನಿಂದ ಭದ್ರಾವತಿಯ ಬಸ್ಸಿಗೆ ಓಡು, ಇಳಿದರೆ ನಲ್ಲಿ ನೀರು ನಿಲ್ಲುವ ಮೊದಲು ಮನೆಗೆ ಓಡು. ಸೀಟಿನ ಮೇಲೂ ಹಾಗೆಯೇ, ಎಳೆದು ಮುಗಿಯುವ ಮೊದಲೇ ಮೈ ಮುಂದಕ್ಕೆ ಹಾರುತ್ತಿತ್ತು. ಮೂವತ್ತು, ಮೂವತ್ತೆರಡು, ಮೂವತ್ತು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ನಿದ್ದೆ ಮಾಡುವಷ್ಟು ಸುಸ್ತು. ಕಾಗದದ ಕಾರ್ಖಾನೆಯ ಕಡೆಯಿಂದ ಬರುವ ನಮ್ಮ ಸೆಕ್ಷನ್ನಿನ ಸೆಲ್ವಂ ಬೆಳಗ್ಗೆ ನನ್ನ ಮುಖ ನೋಡಿದ ಕೂಡಲೇ, "ಏನ್ ಸಾಮಿ, ನಿನ್ನೆ ಎಲ್ಲಿವರ್ಗೂ ಹೋಯ್ತು ದೋಣಿ? ಹೊನ್ನಾಳಿ ದಾಟ್ತಾ?" ಎನ್ನುತ್ತಿದ್ದ. "ಇಲ್ಲ ಕಣಯ್ಯ, ಕಟ್ಟಿ ಹಾಕಿದಾರೆ," ಎಂದರೆ "ಅಡಡಾ, ಕಟ್ಟಿದ ಹಗ್ಗ ಬಿಚ್ಚಿ ಎಳೀರಿ ಸಾಮಿ, ಮುಂದಕ್ಕೆ ಹೋಗುತ್ತೆ" ಎಂದು ಉಪದೇಶ ಬೇರೆ.

ಮನೆಯಲ್ಲಿ ಇನ್ನೊಂದು ಬಗೆ. ಸರೋಜ ತಟ್ಟೆ ಇಡುವ ಮೊದಲು "ಇವತ್ತೆಷ್ಟು ಬಂತು?" ಎಂದು ಕೇಳುವಳು. "ಮೂವತ್ತು" ಎಂದರೆ, "ಅಯ್ಯೋ, ಐದೇ ಐದ್ರಲ್ಲಿ ಹೋಯ್ತಾ!" ಎಂದು ಮರುಗುವಳು. ನನ್ನ ಪರೀಕ್ಷೆಗಳಿಗೆಲ್ಲ ಹರಕೆ ಹೊತ್ತವಳು, ಅವಳ ಲೆಕ್ಕವೂ ನನ್ನ ಲೆಕ್ಕವೂ ಒಂದೇ. ತಿಳಿಸಿ ಹೇಳುವಷ್ಟು ಉಸಿರು ನನ್ನಲ್ಲಿ ಉಳಿದಿರುತ್ತಿರಲಿಲ್ಲ. ಮೊಸರನ್ನ ಬೆಳ್ಳಗೆ ತಟ್ಟೆಯಲ್ಲಿ ಕೂತಿರುತ್ತಿತ್ತು. ನಾನು ತಲೆಯೆತ್ತಿ ಅಟ್ಟವನ್ನು ನೋಡಿ, ತಲೆ ತಗ್ಗಿಸಿ ಉಣ್ಣುತ್ತಿದ್ದೆ.

ಎರಡು ತಿಂಗಳು ಮುಗಿಯುವುದಕ್ಕೆ ಸ್ವಲ್ಪವೇ ಉಳಿದಿದ್ದಾಗ ಚಂದ್ರಣ್ಣನ ತಾಳ್ಮೆ ಮುಗಿಯಿತು. "ನಿಮ್ಮ ಶತ್ರು ಇದೇ" ಎಂದು ತಮ್ಮ ಹೆಗಲ ಮೇಲಿನ ಟವೆಲ್ಲು ತೆಗೆದು ಆ ಗಾಜಿನ ಮೇಲೆ ಹೊದಿಸಿದರು. "ಕಣ್ಣು ಮುಚ್ಕೊಳ್ಳಿ. ನಂಬರ್ ಮರ್ತುಬಿಡಿ. ಬರೀ ಚಕ್ರದ ಸದ್ದು ಕೇಳಿ."

ಕೇಳಿದೆ. ಎಳೆದಾಗ ಭುಸ್ ಎಂದು ಗಾಳಿ ಏಳುತ್ತದೆ, ಬಿಟ್ಟಾಗ ಮೆಲ್ಲಗೆ ಇಳಿಯುತ್ತದೆ. ಈ ಸದ್ದು ನನಗೆ ಗೊತ್ತಿದೆಯಲ್ಲ ಅನ್ನಿಸಿತು. ಭದ್ರಾವತಿಯ ಹಳೇ ಊರಿನಲ್ಲಿ ನಮ್ಮಪ್ಪನ ಕುಲುಮೆ ಇತ್ತು. ಉಳಿದ ಮಕ್ಕಳು ಮಗ್ಗಿ ಹೇಳುವ ವಯಸ್ಸಿನಲ್ಲಿ ನಾನು ಅಲ್ಲಿ ತಿದಿ ಒತ್ತುತ್ತಿದ್ದೆ. ನನ್ನ ಓದು ತಡವಾದದ್ದು ಹಾಗೆ. ಚರ್ಮದ ಆ ದೊಡ್ಡ ಚೀಲವನ್ನು ಒತ್ತಿದರೆ ಗಾಳಿ ಹೋಗಿ ಕೆಂಡ ಕೆಂಪಾಗುತ್ತದೆ. ಬೇಗ ಕೆಂಪಾಗಲಿ, ಬೇಗ ಆಟಕ್ಕೆ ಹೋಗೋಣ ಎಂದು ನಾನು ಬಡಬಡ ಒತ್ತುತ್ತಿದ್ದೆ. ಅಪ್ಪ ಇಕ್ಕಳ ಹಿಡಿದುಕೊಂಡೇ ಗದರುತ್ತಿದ್ದರು: "ಲೋ, ತಿದಿಗೆ ಉಸಿರು ತಗಳಾಕೆ ಬಿಡೋ. ಖಾಲಿ ಹೊಟ್ಟೆ ಒತ್ತಿದ್ರೆ ಗಾಳಿ ಎಲ್ಲಿಂದ ಬತ್ತದೆ?" ಒತ್ತಿ ಬಿಟ್ಟ ಮೇಲೆ ಅದು ತಾನಾಗಿ ಉಬ್ಬಿ ತುಂಬುವ ತನಕ ಕಾಯಬೇಕು. ಆ ಕಾಯುವ ಹೊತ್ತಿನಲ್ಲಿ ಮಾಡುವುದಕ್ಕೆ ಏನೂ ಇಲ್ಲ. ಅದೇ ಕಷ್ಟ.

ಒಂದು ಸಲ ಜೋರಾಗಿ ಎಳೆದೆ. ಕಾದೆ. ತಿದಿ ತುಂಬಲಿ ಎಂದು ಸೀಟನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟೆ. ಮತ್ತೆ ಎಳೆದೆ. ಎಷ್ಟು ಹೊತ್ತು ಹೀಗೆ ನಡೆಯಿತೋ, ಚಂದ್ರಣ್ಣ ಟವೆಲ್ಲು ಎತ್ತಿದರು. ಇಪ್ಪತ್ತು. "ಶಭಾಷ್!" ಎಂದು ಬೆನ್ನಿಗೊಂದು ಕೊಟ್ಟರು. ಇಪ್ಪತ್ತು ಬಂದದ್ದಕ್ಕೆ ಬೆನ್ನಿಗೆ ಬೀಳುವುದು ನನಗೆ ಹೊಸದೇನಲ್ಲ, ಆದರೆ ಮೆಚ್ಚಿ ಕೊಟ್ಟದ್ದು ಅದೇ ಮೊದಲು. ಅಂದಿನಿಂದ ಇಪ್ಪತ್ತು ತಪ್ಪಲಿಲ್ಲ. ಸರೋಜ ಮಾತ್ರ ಅಂಕಿ ಕೇಳಿ ಮುಖ ಸಣ್ಣದು ಮಾಡಿಕೊಂಡು, "ಹೋಗ್ಲಿ ಬಿಡಿ, ವಯಸ್ಸಾಯ್ತು" ಎಂದಳು.

ಡಾಕ್ಟರಿಗೆ ತೋರಿಸುವ ದಿನ ಬಂತು. ಬೆಳಗಿನ ಪಾಳಿ ಮುಗಿಸಿ ಬಸ್ಸು ಹತ್ತಿದೆ. ಬಸ್ಸು ರೈಲ್ವೆ ಗೇಟಿನಲ್ಲಿ ನಿಂತಿತು. ರೈಲಿನ ಸುಳಿವಿಲ್ಲ, ಗೇಟು ಏಳುವುದಿಲ್ಲ. ಡಾಕ್ಟರು ಊಟಕ್ಕೆ ಎದ್ದರೆ ಮತ್ತೆ ಸಂಜೆಯೇ. ಗೇಟು ಎದ್ದು, ಬಸ್ಸು ನಿಂತು, ನಾನು ಇಳಿದವನೇ ದುರ್ಗಿಗುಡಿಯ ರಸ್ತೆಯುದ್ದಕ್ಕೂ ಓಡಿ, ಮೊಣಕಾಲಿನ ಕಟಕಟ ಲೆಕ್ಕಿಸದೆ ಎರಡೆರಡು ಮೆಟ್ಟಿಲು ಹಾರಿ, ಬಾಗಿಲು ಹಾಕುತ್ತಿದ್ದ ಡಾಕ್ಟರ ಎದುರಿಗೆ ತೋಳು ಚಾಚಿ ಕೂತೆ. ಅವರು ಗಾಳಿ ಊದಿದರು. ಪಾದರಸ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಕಾಳಪ್ಪ, ಇದು ಹೋದ ಸಲಕ್ಕಿಂತ ಜಾಸ್ತಿ ಆಗಿದೆಯಲ್ರೀ!"

"ಇಪ್ಪತ್ತಕ್ಕೆ ಬಂದಿದೀನಿ ಸಾರ್," ಎಂದೆ ಏದುಸಿರಿನಲ್ಲಿ.

"ಯಾವುದು ಇಪ್ಪತ್ತು? ಮೆಟ್ಟಿಲು ಹೇಗೆ ಹತ್ತಿದ್ರಿ ನೀವು?"

ಅಟ್ಟದ ಮೇಲಿನ ಜಾಡಿ ಇನ್ನೂ ಮೇಲಕ್ಕೆ, ಹೆಂಚು ಒಡೆದುಕೊಂಡು ಆಕಾಶಕ್ಕೆ ಹೋಗುತ್ತಿರುವುದು ಕಣ್ಣಿಗೆ ಕಟ್ಟಿತು. ಡಾಕ್ಟರು ಒಳ್ಳೆಯವರು, ಗಡಿಯಾರ ನೋಡಿ ನಿಟ್ಟುಸಿರು ಬಿಟ್ಟು, "ಆಚೆ ಬೆಂಚಲ್ಲಿ ಸ್ವಲ್ಪ ಹೊತ್ತು ಕೂತು ಬನ್ನಿ. ಇನ್ನೊಂದು ಸಲ ನೋಡ್ತೀನಿ" ಎಂದರು. ಬೆಂಚಿನ ಮೇಲೆ ಕೂತೆ. ಕಣ್ಣು ಮುಚ್ಚಿ, ಇಲ್ಲದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಎದೆಯವರೆಗೆ ಎಳೆದೆ, ಭುಸ್ ಎಂದೆ, ಮೆಲ್ಲಗೆ ಮುಂದಕ್ಕೆ ಬಾಗಿದೆ. ತಿದಿ ತುಂಬಲಿ. ಮತ್ತೆ ಎಳೆದೆ, ಭುಸ್. ಪಕ್ಕದಲ್ಲಿ ಔಷಧಿ ತರಲು ಹೋದವರಿಗಾಗಿ ಕಾದಿದ್ದ ಅಜ್ಜಿ ಎದ್ದು ಬೇರೆ ಬೆಂಚಿಗೆ ಹೋದರು. "ಪಾಪ, ಒಳಗೆ ಹೊಟ್ಟೆಬೇನೆ ಇರ್ಬೇಕು" ಎಂದು ಯಾರಿಗೋ ಹೇಳಿದ್ದು ಕೇಳಿಸಿತು. ಕೇಳಿಸಲಿ. ನಾನು ದೋಣಿ ಬಿಡಲಿಲ್ಲ.

ಎರಡನೇ ಸಲ ಡಾಕ್ಟರು ತಲೆ ಅಲ್ಲಾಡಿಸಲಿಲ್ಲ. "ಪರವಾಗಿಲ್ಲ, ಇಳಿದಿದೆ. ಮಾತ್ರೆ ಬೇಡ. ಆದ್ರೆ ಹೀಗೇ ಇರ್ಬೇಕು."

"ಉಪ್ಪಿನಕಾಯಿ ಸಾರ್?"

"ಭಾನುವಾರ ಒಂದು ಮಿಡಿ. ಒಂದೇ."

ಆ ಭಾನುವಾರ ಸರೋಜ ಸ್ಟೂಲು ಹತ್ತಿ ಜಾಡಿ ಇಳಿಸಿದಳು. ಬಟ್ಟೆಯ ಗಂಟು ಬಿಚ್ಚಿದಾಗ ಪರಿಮಳ ಬಂದು ನನ್ನ ಕಣ್ಣಲ್ಲಿ ನೀರು ತುಂಬಿತು. ಮರದ ಸೌಟಿನಿಂದ ಒಂದೇ ಒಂದು ಮಿಡಿಯನ್ನು ತೆಗೆದು, ತೊಟ್ಟು ಹಿಡಿದು, ಮೊಸರನ್ನದ ಪಕ್ಕ ಇಟ್ಟಳು. "ನಿಧಾನಕ್ಕೆ ತಿನ್ನಿ, ಇನ್ನು ಮುಂದಿನ ವಾರವೇ" ಎಂದು ಹೇಳಿ ಜಾಡಿಯ ಬಾಯಿ ಕಟ್ಟುವುದಕ್ಕೆ ತಿರುಗಿದಳು. ಗಂಟು ಹಾಕಿ ಈ ಕಡೆ ತಿರುಗುವಷ್ಟರಲ್ಲಿ ತಟ್ಟೆಯಲ್ಲಿ ಮೊಸರನ್ನ ಹಾಗೇ ಇತ್ತು, ಮಿಡಿ ಇರಲಿಲ್ಲ. ತೊಟ್ಟು ಮಾತ್ರ ನನ್ನ ಬೆರಳಲ್ಲಿತ್ತು.

"ರೀ! ಅನ್ನ ಇನ್ನೂ ಕಲೆಸೇ ಇಲ್ಲ! ಎರಡು ತಿಂಗಳು ಆ ಮಿಷನ್ ಮೇಲೆ ಕಲ್ತಿದ್ದು ಇದೇನಾ?"

ನಾನು ತೊಟ್ಟು ಚೀಪುತ್ತಿದ್ದೆ. ಆದರೆ ಹಾಗೆ ನೋಡಿದರೆ ಚಂದ್ರಣ್ಣ ಹೇಳಿಕೊಟ್ಟದ್ದನ್ನು ನಾನು ಚಾಚೂ ತಪ್ಪದೆ ಮಾಡಿದ್ದೇನೆ. ಎಳೆಯುವುದು ಜೋರಾಗಿ, ಒಂದೇ ಉಸಿರಿಗೆ. ವಾಪಸ್ಸು ಬರುವುದಕ್ಕೆ, ಪೂರ್ತಿ ಒಂದು ವಾರ.