ಸೋಬಾನೆ ಅಕ್ಕನ ದನಿಗೆ ಎರಡು ಮೈಕು

ನಮ್ಮ ಓಣ್ಯಾಗೆ ಏನೂ ನಡೀಲಿಲ್ಲ ಅಂದ್ರೆ ನಾನು ದಾವಣಗೆರೆ ಬಿಟ್ಟು ಎಲ್ಲೋ ಹೋಗೀನಿ ಅಂತ ತಿಳ್ಕಳ್ರಿ. ಅದ್ರಾಗೂ ಪಕ್ಕದ ಮನಿ. ನಡುವೆ ಒಂದೇ ಗೋಡಿ, ಅವರು ಒಗ್ಗರಣೆ ಹಾಕಿದ್ರೆ ಸೀನು ನನಗೆ. ಆ ಮನಿ ಅಕ್ಕ ಸೋಬಾನೆ ಹಾಡಾಕೆ ಹೆಸರುವಾಸಿ. ಮದುವಿ, ಸೀಮಂತ, ತೊಟ್ಲು, ಯಾವುದೇ ಇರ್ಲಿ, ಆಕಿ ಆರತಿ ತಟ್ಟೆ ಹಿಡದು ದನಿ ತೆಗದ ಮ್ಯಾಲೇ ಶಾಸ್ತ್ರ ಶುರು. ಅಂಥಾಕಿ ಗಂಟ್ಲಾಗೆ ಈಚೆಗೆ ಗಂಟು ಕಾಣಿಸ್ತು. ಡಾಕ್ಟ್ರು ಆಪರೇಷನ್ ಆಗ್ಬೇಕು ಅಂದ್ರು. "ದನಿ ಮೊದ್ಲಿನಂಗೆ ಇರ್ತೈತಾ?" ಅಂತ ಗಂಡ ಕೇಳಿದ್ದಕ್ಕೆ "ನೋಡೋಣ" ಅಂದ್ರಂತೆ. ಡಾಕ್ಟ್ರು ನೋಡೋಣ ಅಂದ್ರೆ ಯಾರಿಗೆ ನಿದ್ದಿ ಬರ್ತೈತೆ? ಆಕಿ ಗಂಡ, ನಾನು ಅಣ್ಣಾರು ಅಂತೀನಿ, ಅವತ್ತೇ ತೀರ್ಮಾನ ಮಾಡಿದ್ರು: ಆಪರೇಷನ್ನಿಗೆ ಮುಂಚೆ ಹೆಂಡ್ತಿ ದನಿ ಚೆಂದಾಗಿ ರೆಕಾರ್ಡ್ ಮಾಡಿ ಇಟ್ಕಬೇಕು.

ಮೈಕಿನ ಬಾಜೂಕ್ಕೆ ಮದುಮಗಳು

ಹರಿಹರದಾಗೆ ಅಣ್ಣಾರ ದೋಸ್ತ್ ಒಬ್ರು ಸಾಯೇಬ್ರು ಅದಾರೆ, ಮದುವಿಗಳಿಗೆ ಸೌಂಡ್ ಸರ್ವಿಸ್ ಮಾಡೋರು. ಸ್ಕೂಟ್ರಿನಾಗೆ ಎರಡು ಮೈಕು ತಂದ್ರು. ಒಂದು ಸ್ಟೇಜಿಂದು, ಬಾಯಿ ಹತ್ರ ಇದ್ರಷ್ಟೇ ಹಿಡಿಯೋದು. ಇನ್ನೊಂದು ಯಾರೋ ಸ್ಟುಡಿಯೋದೋರ ಹತ್ರ ಕೇಳ್ಕಂಡು ಬಂದಿದ್ದು, ಇರುವೆ ನಡದ್ರೂ ಹಿಡಿತೈತಂತೆ. "ಎರಡ್ರಾಗೂ ಒಂದೇ ಹಾಡು ಹಾಡಿಸಿ ನೋಡಾಣ ಭಾಯ್. ಯಾವ್ದು ಬರೋಬರ್ ಐತೋ ಅದು" ಅಂದ್ರು.

ಮೊದ್ಲು ಸ್ಟೇಜಿನ ಮೈಕು. ಕೇಳಿದ್ರೆ ಅಕ್ಕನ ದನಿ ಬರ್ತೈತೆ, ಹೋಗ್ತೈತೆ. ಯಾಕ ಅಂದ್ರೆ ಕೈಯಾಗೆ ತಟ್ಟೆ ಇಲ್ದಿದ್ರೂ ಆಕಿ ರೂಢಿ ಬಿಡವಲ್ಲದು. ಆರತಿ ಬೆಳಗಿದಂಗೆ ಮದುಮಗಳ ಕಡೆ ಒಮ್ಮೆ, ಮದುಮಗನ ಕಡೆ ಒಮ್ಮೆ ಮಖ ತಿರುಗುಸ್ತಾಳೆ. ಮೈಕು ನಡುವೆ ಅನಾಥ.

"ಅಕ್ಕಾರೆ, ನೆಟ್ಟಗೆ ನೋಡ್ಕಂಡು ಹಾಡ್ರಿ" ಅಂದ್ರು ಸಾಯೇಬ್ರು.

"ನೆಟ್ಟಗೆ ಗೋಡಿ ಐತಲ್ಲ ಸಾಯೇಬ್ರೆ. ಗೋಡಿಗೆ ಯಾರಾದ್ರೂ ಸೋಬಾನೆ ಹಾಡ್ತಾರಾ?"

ಕಡಿಗೆ ನನ್ನ ಮದುಮಗಳು ಮಾಡಿ ಎದುರಿಗೆ ಕುಂದ್ರಿಸಿ, ನನಗೆ ಅಂಟ್ಕಂಡಂಗೆ ಮದುಮಗನ ಜಾಗದಾಗೆ ಮೈಕಿನ ಸ್ಟ್ಯಾಂಡ್ ನಿಲ್ಸಿದ್ರು. ಉದ್ದಕೆ, ತೆಳ್ಳಗೆ. ಎದುರು ಮಾತಾಡಲ್ಲ. ಹೇಳಿದ್ದೆಲ್ಲ ಕೇಳಿಸ್ಕತೈತೆ. ಇಂಥದ್ದೊಂದು ನಮ್ಮಪ್ಪನ ಕಣ್ಣಿಗೆ ಆವಾಗ ಬೀಳ್ಲಿಲ್ಲ ನೋಡ್ರಿ!

ಮದುವಿ ಯಾರ್ದು?

ಆಮೇಲೆ ದೊಡ್ಡ ಮೈಕು. ಅದು ನನ್ನಂಗೇ, ಓಣಿದೆಲ್ಲ ಅದಕ್ಕೆ ಬೇಕು. ಸಾಯೇಬ್ರು ಮಂಡಕ್ಕಿ ಅಗದಿದ್ದು ಟ್ರಾಕ್ಟ್ರಿನಾಗಿಂದ ಜಲ್ಲಿ ಸುರುವಿದಂಗೆ ಬಂತು. ಮಂಡಕ್ಕಿ ಕಸ್ಕಂಡು ಮತ್ತೆ ಹಾಡಿಸಿದ್ರು. ಅಕ್ಕ ಒಂದು ನುಡಿ ಮುಗ್ಸಿದ್ಲೋ ಇಲ್ಲೋ, ಹೊರಗಿಂದ ಹೆಂಗಸ್ರೆಲ್ಲ "ಸೋ..." ಅಂತ ದನಿಗೂಡ್ಸಿದ್ರು. ನಮ್ ಕಡೆ ಹಂಗೇರಿ, ಸೋಬಾನೆ ಕಿವಿಗೆ ಬಿದ್ರೆ ಕೈಯಾಗೆ ರೊಟ್ಟಿ ಹಿಟ್ಟಿದ್ರೂ ಸೊಲ್ಲು ಎತ್ಬೇಕು.

ಅಣ್ಣಾರು ಹೊರಗೋಡಿ "ಸುಮ್ಕಿರ್ರವ್ವಾ, ರೆಕಾರ್ಡ್ ನಡದೈತೆ!" ಅಂದ್ರು.

ಎದುರುಮನಿ ಅಜ್ಜಿ ಸೊಂಟಕ್ಕೆ ಕೈಯಿಟ್ಟು ಕೇಳೇಬಿಟ್ಲು: "ರೆಕಾರ್ಡ್ ಇರ್ಲಿ, ಮದುವಿ ಯಾರ್ದು? ನಮ್ನ ಯಾಕ ಕರೀಲಿಲ್ಲ? ನಿಮ್ಮನ್ಯಾಗೆ ಮದುವಿಗೆ ಬಂದ ಹೆಣ್ಣೂ ಇಲ್ಲ, ಗಂಡೂ ಇಲ್ಲ. ಬಾಗ್ಲು ಹಾಕ್ಕಂಡು ಎರಡ್ನೇದು ನೀನೇ ಆಗಾಕತ್ತೀಯೇನೋ? ಅದ್ಕೆ ಮೊದಲ್ನೇಕಿ ಕೈಲೇ ಸೋಬಾನೆ ಹಾಡುಸ್ತೀಯಾ?"

ಕಣ್ಣು ಮುಚ್ಚಿ ಪರೀಕ್ಷೆ

ಎರಡೂ ರೆಕಾರ್ಡ್ ಕಣ್ಣು ಮುಚ್ಕಂಡು ಕೇಳಿ ಯಾವ್ದು ಚೆಂದ ಹೇಳ್ಬೇಕು ಅಂತಾತು. ಸಾಯೇಬ್ರು ಸ್ಟೇಜಿನದೇ ಅಂದ್ರು. ಅಕ್ಕನೂ ಹೂಂ ಅಂದ್ಲು, "ಮದುವಿಮನ್ಯಾಗೆ ನನ್ನ ದನಿ ಹಿಂಗೇ." ಅಣ್ಣಾರು ಮಾತ್ರ ಒಪ್ಪಲಿಲ್ಲ.

"ದೊಡ್ಡದ್ರಾಗೆ ಹಾಡಿಗೆ ಮುಂಚೆ ಆಕಿ ಉಸಿರು ತಗಳ್ಳೋದೂ ಕೇಳ್ತೈತೆ. ನನಗದು ಬೇಕು" ಅಂದು ಕಿಟಕಿ ಕಡೆ ತಿರುಗಿ ಕುಂತ್ರು.

ಅಕ್ಕನ ಕಣ್ಣು ತುಂಬಿದ್ವು. ಅಂಥಾವೆಲ್ಲ ನನಗೆ ಬಾಳೊತ್ತು ತಡಿಯಾಕೆ ಆಗಲ್ರಿ. "ಇಷ್ಟು ವರ್ಷ ಅಡಿಗೆಮನ್ಯಾಗಿಂದ ಎಷ್ಟು ಕೂಗಿದ್ರೂ ಕೇಳದ ಕಿವಿಗೆ, ಮೈಕ್ ಬಂದ ಮ್ಯಾಲೆ ಉಸಿರೂ ಕೇಳಾಕತ್ತೈತೆ ನೋಡಕ್ಕ!" ಅಂದೆ.

ಮೊದಲ್ನೇ ಮಾತು

ಆಪರೇಷನ್ ಆತು. ಗಂಟು ಕೆಟ್ಟದ್ದಲ್ಲ ಅಂದ್ರು, ಓಣಿಗೋಣಿನೇ ಉಸ್ಸಂತು. ಆದ್ರೆ ಕೆಲವು ದಿನ ಪಿಸುಮಾತೂ ಆಡಂಗಿಲ್ಲ. ದನಿ ಹೆಂಗೈತೋ ಯಾರಿಗೊತ್ತು? ಬೈಸ್ಕಳ್ಳದೆ ಅಣ್ಣಾರು ಸೊರಗಿ ಹೋದ್ರು. "ಇನ್ನು ಮಾತಾಡ್ರಿ" ಅಂತ ಡಾಕ್ಟ್ರು ಹೇಳಿದ ದಿನ, ಮನಿ ಮುಟ್ಟೋವರೆಗೂ ಆಕಿಗೆ ಬಾಯಿ ಬಿಡಾಕೆ ಕೊಡ್ಲಿಲ್ಲ. ಮೊದಲ್ನೇ ಮಾತು ದೊಡ್ಡ ಮೈಕಿನಾಗೇ ಬರ್ಬೇಕಂತೆ. ಹಳೇ ದನಿ, ಹೊಸ ದನಿ ತಾಳೆ ನೋಡಾಕೆ.

ದನಿ ಗುಂಯ್ ಅನ್ಬಾರ್ದು ಅಂತ ಗೋಡಿಗೆಲ್ಲ ಹೊದಿಯೋ ಕೌದಿ ಕಟ್ಟಿದ್ರು. ಸಾಯೇಬ್ರು ಉಸಿರು ಹಿಡ್ಕಂಡು ನಿಂತ್ರು. ನಾನು ಬಾಯಿಗೆ ಸೆರಗು ತುರುಕ್ಕಂಡೆ. ಅಕ್ಕ ಮೈಕಿನ ಮುಂದೆ ಕುಂತು, ಸುತ್ತ ನೋಡಿ, ಕಿಟಕಿ ನೋಡಿದ್ಲು. ಕೌದಿ ಸಾಲದೆ ಅಣ್ಣಾರು ಅಲ್ಲಿಗೆ ಆಕಿ ಮದುವಿ ಸೀರಿ ಬಿಗದು ಮೊಳಿ ಹೊಡದಿದ್ರು.

"ಅಯ್ಯೋ ನಿಮ್ಮ ಕೈಗಿಷ್ಟು! ನನ್ನ ಧಾರಿ ಸೀರಿಗೆ ಮೊಳಿ ಹೊಡದೀರಲ್ರೀ!"

ಅದೇ ದನಿ! ಗುಡಿ ಗಂಟಿ ಹೊಡದಂಗೆ. ಎದುರುಮನಿ ಅಜ್ಜಿಗೂ ಮುಟ್ತು. "ಯಾ ಅಲ್ಲಾ, ಆವಾಜ್ ಫುಲ್ ವಾಪಸ್!" ಅಂತ ಸಾಯೇಬ್ರು ಕುಣದಾಡಿದ್ರು. ನಾನು ಬಾಯಾಗಿನ ಸೆರಗು ತೆಗದು ಕಣ್ಣಿಗೆ ಒತ್ಕಂಡೆ. ಅಣ್ಣಾರು ಮಾತ್ರ ರೆಕಾರ್ಡ್ ಮಿಷನ್ ನೋಡಿ ಬೆಪ್ಪಾಗಿ, ಹೆಂಡ್ತಿ ಮುಂದೆ ಮೊಣಕಾಲೂರಿ ಕುಂತ್ರು. ಕಣ್ಣಾಗೆ ನೀರು, ಬಾಯಾಗೆ ನಗು.

"ಲೇ ಇವ್ಳೇ, ಬಟನ್ ಒತ್ತೇ ಇರ್ಲಿಲ್ಲ ಕಣೇ. ಇನ್ನೊಂದ್ಸಲ ಬೈಯೇ."