ಎರಡೇ ಎರಡು ದಶಮಾಂಶ

ಬೆಳಿಗ್ಗೆ ಪ್ರಿಂಟರಿನಿಂದ ಬಂದ ಮೊದಲ ಪಟ್ಟಿಯಲ್ಲಿ ಪತ್ರ ವಿಭಾಗದ ಮೇಡಂ ಅವರ ಅಂಕ 81.66666666666667 ಎಂದಿತ್ತು. ಕಾಲಂ ಸಾಲದೆ ಅದರ ಬಾಲ ಕೆಳಗಿನ ಸಾಲಿನವರ ಹೆಸರಿನ ಮೇಲೆ ಹತ್ತಿ ಕೂತಿತ್ತು.

"ಏನ್ರೀ ಇದು, ಅಂಕವೋ ಫೋನ್ ನಂಬರೋ?" ಎಂದರು ಸಾಹೇಬರು. "ನಾಲ್ಕು ಗಂಟೆಗೆ ಬೋರ್ಡಿಗೆ ಹಾಕ್ಬೇಕು. ಅಚ್ಚುಕಟ್ಟಾಗಿರ್ಲಿ."

"ಐದು ನಿಮಿಷ ಸಾರ್" ಎಂದ ಕಂಪ್ಯೂಟರ್ ಅಣ್ಣ. ಕಚೇರಿಯಲ್ಲಿ ಪ್ರಿಂಟರ್ ಕೆಮ್ಮಿದರೂ ಇವನನ್ನೇ ಕರೆಯುತ್ತಿದ್ದರಿಂದ ಅವನಿಗೆ ಆ ಹೆಸರು. ಮೂರು ವರ್ಷದಿಂದ ತಾತ್ಕಾಲಿಕ ನೌಕರ. ಸಾಹೇಬರು ಎಲ್ಲರಿಗೂ ಐದು ಬಾಬಿನಲ್ಲಿ, ಹಾಜರಿಗೆ ಮಾತ್ರ ಮೂರು ತಿಂಗಳ ಸರಾಸರಿ ಹಿಡಿದು, ಅಂಕ ಕೊಟ್ಟಿದ್ದರು. ಅವನ್ನು ಕೂಡಿ ಪಟ್ಟಿ ಮಾಡಲು ಇವನು ಇಪ್ಪತ್ತು ಸಾಲಿನ ಒಂದು ಸ್ಕ್ರಿಪ್ಟ್ ಬರೆದಿದ್ದ. ಮೊದಲ ಸ್ಥಾನ ಬಂದವರಿಗೆ ಕಿಟಕಿ ಪಕ್ಕದ ಮೇಜು. ಅರವತ್ತು ಮುಟ್ಟಿದ ತಾತ್ಕಾಲಿಕ ನೌಕರ ಕಾಯಂ. ಪಟ್ಟಿಯ ತಳದಲ್ಲಿದ್ದ ತನ್ನ ಸಾಲನ್ನು ನೋಡುವ ಧೈರ್ಯ ಮಾತ್ರ ಪಾಪ ಅವನಿಗೆ ಬಂದಿರಲಿಲ್ಲ. ಹಾಳೆಯ ಕೆಳಭಾಗವನ್ನು ಮಡಚಿಟ್ಟೇ ಕೆಲಸ ಮಾಡುತ್ತಿದ್ದ.

ದಶಮಾಂಶದ ಗೊಡವೆಯೇ ಬೇಡ ಎಂದು ಪೂರ್ಣ ಸಂಖ್ಯೆಗೆ ತಿರುಗಿಸಿದ. ಮೇಡಂಗೆ 82 ಬಂತು. ಉಗ್ರಾಣದ ಯಜಮಾನರಿಗೂ 82. ಹತ್ತು ನಿಮಿಷದಲ್ಲಿ ಕಿಟಕಿ ಮೇಜಿನ ಎಡಕ್ಕೆ ಮೇಡಂ ಅವರ ಹೂಕುಂಡ, ಬಲಕ್ಕೆ ಯಜಮಾನರ ಬೀಗದ ಗೊಂಚಲು ಬಂದು ಕೂತವು. ನಡುವೆ ಇಬ್ಬರೂ ನಿಂತು ಅರಚಾಡತೊಡಗಿದರು.

"ನಾನು ಮೊದಲು ಕುಂಡ ಇಟ್ಟೆ!"

"ಮೇಜೇನು ಬಸ್ಸಿನ ಸೀಟೇನಮ್ಮಾ, ಕರ್ಚೀಫ್ ಹಾಕಿ ಹಿಡಿಯೋಕೆ?"

ಕಂಪ್ಯೂಟರ್ ಅಣ್ಣ ಓಡಿಹೋಗಿ ಎರಡು ದಶಮಾಂಶ ಸ್ಥಾನಕ್ಕೆ ಸರಿಹೊಂದಿಸಿದ. ಇಬ್ಬರಿಗೂ 81.67 ಬಂತು. ಅವನಿಗೆ ಕುರ್ಚಿಯಿಂದ ಏಳಲೂ ಮನಸ್ಸಾಗಲಿಲ್ಲ.

ಯಜಮಾನರು ಬೆಳಗಿನ ಪಟ್ಟಿಯನ್ನು ಕಸದ ಬುಟ್ಟಿಯಿಂದ ಹೆಕ್ಕಿ ತಂದು ಕನ್ನಡಕ ಏರಿಸಿದರು. "ಏನಪ್ಪಾ, ನಂದು ಸರಿಯಾಗಿ ಎಂಬತ್ತೊಂದು ಪಾಯಿಂಟ್ ಆರು ಏಳು. ಆ ಯಮ್ಮಂದು ಬರೀ ಆರು ಆರು ಆರು ಅಂತ ಹೋಗಿದೆ. ಅದನ್ನ ಏಳು ಮಾಡಿದ್ದು ಯಾರು?"

"ಯಾರೂ ಮಾಡ್ಲಿಲ್ಲ ಯಜಮಾನ್ರೇ, ಮುಂದಿನ ಅಂಕಿ ಐದೋ ಅದಕ್ಕಿಂತ ಜಾಸ್ತಿನೋ ಇದ್ರೆ ಒಂದು ಏರಿಸ್ತಾರೆ..."

"ಸಾಹೇಬ್ರು ಕೊಡದೆ ಇರೋ ಅಂಕ ಏರಿಸೋಕೆ ನೀನ್ಯಾರು? ಎರಡು ಅಂಕಿ ಆದ್ಮೇಲೆ ಕತ್ತರಿಸಿ ಬಿಸಾಕು!"

ಯಜಮಾನರ ಬಾಯಿಗೆ ಹೆದರಿ ಇಡೀ ಉಗ್ರಾಣ ನಡುಗುತ್ತಿತ್ತು. ನಮ್ಮ ಅಣ್ಣ ಯಾವ ಲೆಕ್ಕ? ಸ್ಕ್ರಿಪ್ಟಿನಲ್ಲಿ ಏರಿಸುವ ಸಾಲು ಅಳಿಸಿ, ಕತ್ತರಿಸುವ ಸಾಲು ಬರೆದ. ಮೇಡಂ 81.66ಕ್ಕೆ ಇಳಿದರು. ಕುಂಡ ಎತ್ತಿಕೊಂಡು ನೇರ ಸಾಹೇಬರ ಕೋಣೆಗೆ ನುಗ್ಗಿದರು. ಅಣ್ಣನಿಗೂ ಕರೆ ಬಂತು.

"ಬೆಳಿಗ್ಗೆ ಇದ್ದ ಅಂಕ ಮಧ್ಯಾಹ್ನದ ಹೊತ್ತಿಗೆ ಕರಗೋಕೆ ಅದೇನು ಐಸಾ ಸಾರ್?" ಮೇಡಂ ಕಣ್ಣಲ್ಲಿ ನೀರು ತುಂಬಿತ್ತು.

ಸಾಹೇಬರು ಇವನ ಕಡೆ ತಿರುಗಿದರು. "ಯಾರದೋ ಮುಖ ನೋಡಿ ಮಾಡಿದ್ದೀರೇನ್ರೀ?"

ಅಣ್ಣನಿಗೆ ಚುರುಕ್ಕೆಂದಿತು. ಎದೆಯುಬ್ಬಿಸಿ ಹೇಳಿದ: "ಎಲ್ಲರಿಗೂ ಒಂದೇ ಕತ್ತರಿ ಸಾರ್. ನನಗೂ ಅದೇ. ಬೇಕಾದ್ರೆ ನಿಯಮ ಅಂತ ಬರೆದು ಕೆಳಗೆ ನಾನೇ ಸಹಿ ಹಾಕ್ತೀನಿ."

"ಭೇಷ್! ಹೀಗಿರ್ಬೇಕು." ಸಾಹೇಬರು ಅವನ ಸಹಿ ಹಾಕಿಸಿಕೊಂಡು, ತಾವೂ ಹಾಕಿ, ಮೊಹರು ಒತ್ತಿದರು. "ಇನ್ನು ಒಂದು ಚುಕ್ಕೆಯೂ ಬದಲಾಗೋ ಹಾಗಿಲ್ಲ."

ನಾಲ್ಕಕ್ಕೆ ಪಟ್ಟಿ ಬೋರ್ಡೇರಿತು. ಅಷ್ಟರಲ್ಲಿ ಹೆಂಡತಿಯ ಫೋನು.

"ಏನ್ರೀ, ಕಾಯಂ ಆಯ್ತಾ? ಅಪ್ಪ ಇಲ್ಲೇ ಕೂತಿದ್ದಾರೆ. ಅಳಿಯ ಇನ್ನೂ ಟೆಂಪರರಿನಾ ಅಂತ ಮೂರು ಸಲ ಕೇಳಿದ್ರು."

"ಒಂದ್ನಿಮಿಷ ಕಣೇ, ನೋಡ್ತಾ ಇದ್ದೀನಿ" ಎನ್ನುತ್ತ ಅವನು ಜನರ ನಡುವೆ ತೂರಿ, ಬಗ್ಗಿ, ಕೊನೆಯ ಸಾಲಿಗೆ ಬೆರಳಿಟ್ಟ.

59.99.

ಫೋನು ಕಟ್ ಮಾಡಿದ. ಓಡಿಹೋಗಿ ತನ್ನ ಐದು ಬಾಬಿನ ಅಂಕಗಳನ್ನು ಕಾಗದದ ಮೇಲೆ ಕೂಡಿದ. ಅರವತ್ತು. ಕೆಳಗಿನಿಂದ ಮೇಲಕ್ಕೆ ಕೂಡಿದ. ಆಗಲೂ ಅರವತ್ತೇ. ಕಂಪ್ಯೂಟರಿನಲ್ಲಿ ಕತ್ತರಿ ತೆಗೆದು ನೋಡಿದಾಗ ಗುಟ್ಟು ತಿಳಿಯಿತು. ಅಲ್ಲಿ 59.99999999999999 ಎಂದಿತ್ತು. ಕತ್ತರಿಸುವ ಮುಂಚೆ ಏರಿಸಿ ಮಾಡಿದ್ದ ಎರಡು ಪಟ್ಟಿಯಲ್ಲೂ ಅವನು ಕಾಯಂ ಆಗಿದ್ದ; ಮಡಿಕೆ ಬಿಚ್ಚಿ ನೋಡಿರಲಿಲ್ಲ ಅಷ್ಟೇ.

ಕಾಗದ ಹಿಡಿದು ಸಾಹೇಬರ ಮುಂದೆ ನಿಂತ. "ಸಾರ್, ಪಾಯಿಂಟ್ ಒಂದು, ಪಾಯಿಂಟ್ ಎರಡು ಇಂಥವನ್ನ ಕಂಪ್ಯೂಟರ್ ಪೂರ್ತಿಯಾಗಿ ಇಟ್ಕೊಳ್ಳಲ್ಲ. ಕೂಡುವಾಗ ಕೂದಲೆಳೆಯಷ್ಟು ಉದುರಿಹೋಗುತ್ತೆ. ಏರಿಸಿದ್ರೆ ಅದು ಮುಚ್ಚಿಹೋಗ್ತಿತ್ತು, ಕತ್ತರಿಸಿದ್ದಕ್ಕೆ... ನೀವೇ ನೋಡಿ, ಕೈಲಿ ಕೂಡಿದ್ರೆ ಸರಿಯಾಗಿ ಅರವತ್ತು!"

ಸಾಹೇಬರು ಕಾಗದ ತೆಗೆದುಕೊಂಡು, ಬೆರಳು ಮಡಿಸುತ್ತ ತಾವೂ ಒಮ್ಮೆ ಕೂಡಿದರು. ತಲೆದೂಗಿದರು. ಆಮೇಲೆ ಕಾಗದವನ್ನು ಮೆಲ್ಲಗೆ ಅವನ ಕೈಗೇ ವಾಪಸು ಕೊಟ್ಟರು.

"ಕೈಲಿ ಕೂಡಿದ್ದನ್ನೇ ನಂಬೋದಾದ್ರೆ, ಮೂರು ವರ್ಷದಿಂದ ನಿಮ್ಮನ್ನ ಯಾಕ್ರೀ ಇಟ್ಕೊಂಡಿದ್ದೀವಿ?"