ಕೆನೆಬಣ್ಣದ ಕಾರಿನ ಕಲೆಗಳು

ಕಾರು ಅಂದಮೇಲೆ ಕಲೆ ಬೀಳುತ್ತಲೇ ಇರುತ್ತದೆ. ಬೀಳಿಸುವವರು ಒಬ್ಬರು, ಬೈಸಿಕೊಳ್ಳುವವನು ಇನ್ನೊಬ್ಬ. ಆ ಇನ್ನೊಬ್ಬ ನಾನು. ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದಾಗ ಅಮ್ಮತ್ತಿ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ಡ್ರೈವರ್ ಆಗಿದ್ದೆ. ಧಣಿಗಳದು ಕೆನೆಬಣ್ಣದ ಇಂಗ್ಲೆಂಡ್ ಕಾರು. ಕೆಲಸಕ್ಕೆ ಸೇರಿದ ದಿನವೇ ಕಾರ್ ಶೆಡ್ಡಿನ ಹಿಂದಿನ ಹೆಂಚಿನ ಕೋಣೆ ತೋರಿಸಿ, "ನೀನೂ ನಿನ್ನ ತಾಯಿಯೂ ಇಲ್ಲೇ ಇರಿ. ಕಾರಿನ ಬಣ್ಣಕ್ಕೆ ಒಂದು ಗೀರು ಬಿದ್ದರೂ ಅವತ್ತೇ ಖಾಲಿ ಮಾಡಬೇಕು" ಅಂದಿದ್ದರು. ಕುಶಾಲನಗರದ ಕಡೆ ನಮಗಿದ್ದ ತುಂಡು ಜಮೀನು ಆಗಲೇ ದಾಯಾದಿಗಳ ಪಾಲಾಗಿತ್ತು. ಆ ಕೋಣೆ ಹೋದರೆ ಅಮ್ಮನನ್ನು ಎಲ್ಲಿ ಮಲಗಿಸಲಿ? ಹಾಗಾಗಿ ನನ್ನ ಮೈ ಚರ್ಮಕ್ಕಿಂತ ಆ ಕಾರಿನ ಬಣ್ಣವನ್ನೇ ಹೆಚ್ಚು ನೋಡಿಕೊಂಡೆ.

ಮಾವನವರ ಎಲೆಅಡಿಕೆ

ಧಣಿಗಳ ಮಾವನವರಿಗೆ ಎಲೆಅಡಿಕೆ ಇಲ್ಲದೆ ಒಂದು ಮೈಲಿ ಸಾಗದು. ವಿರಾಜಪೇಟೆಯಿಂದ ಕರೆದುಕೊಂಡು ಬರುವಾಗ ಎಡಗಡೆ ಹಿಂದಿನ ಕಿಟಕಿಯಿಂದ ಉಗುಳುತ್ತಲೇ ಬಂದರು. ಕಾರು ಓಡುತ್ತಿದೆ, ಗಾಳಿ ಬೀಸುತ್ತಿದೆ. ಉಗುಳಿದ್ದೆಲ್ಲ ಬಾಗಿಲಿನಿಂದ ಮಡ್‌ಗಾರ್ಡಿನವರೆಗೆ ಕೆಂಪಗೆ ಬಳಿದುಕೊಂಡು ಬಿಸಿಲಿಗೆ ಒಣಗಿತು.

"ಎಂತ ಇದು?" ಅಂದರು ಧಣಿಗಳು. ನಿಮ್ಮ ಮಾವನವರದು ಅನ್ನಲಿಕ್ಕಾಗುತ್ತದೆಯೆ? ಮಾವನವರು ಕೆಳಗಿಳಿದು, ಸೊಂಟ ನೆಟ್ಟಗೆ ಮಾಡಿಕೊಂಡು, ಕಲೆಯನ್ನು ಹೊಸದಾಗಿ ಕಂಡವರ ಹಾಗೆ ನೋಡಿ, "ನಿನ್ನ ಡ್ರೈವರ್ ಎಲೆಅಡಿಕೆ ಸ್ವಲ್ಪ ಜಾಸ್ತಿ ಹಾಕುತ್ತಾನೆ ಕಾಣುತ್ತೆ" ಅಂದರು.

ನಮ್ಮಮ್ಮನಿಗೂ ಅದೇ ಚಟ, ಆದ್ದರಿಂದ ನನಗೆ ಗೊತ್ತಿತ್ತು. ಸುಣ್ಣ ಬೆರೆತ ಕೆಂಪು ಒಣಗಿ ಕೂತರೆ ಬಣ್ಣವನ್ನೇ ತಿನ್ನುತ್ತದೆ. ಒಣಗಿದ್ದನ್ನು ಉಜ್ಜಿದರೆ ಗೀರು ಬೀಳುತ್ತದೆ. ಒದ್ದೆ ಬಟ್ಟೆ ಹೊದಿಸಿ, ನೆನೆಸಿ, ಮತ್ತೆ ಹೊದಿಸಿ, ಸಂಜೆಯೊಳಗೆ ತೆಗೆದೆ. ಧಣಿಗಳು ಬಂದು ನೋಡಿ, "ಇನ್ಮೇಲೆ ಉಗುಳುವಾಗ ಬಗ್ಗಿ ಉಗುಳು" ಅಂದರು. ಬಲಗಡೆ ಮುಂದೆ ಸ್ಟೇರಿಂಗ್ ಹಿಡಿದು ಕೂತವನು ಎಡಗಡೆ ಹಿಂದಿನ ಬಾಗಿಲಿಗೆ ಉಗುಳಬೇಕಾದರೆ ಎಷ್ಟು ಬಗ್ಗಬೇಕು ಅನ್ನುವುದನ್ನು ಅವರು ಹೇಳಲಿಲ್ಲ.

ಕಾಗೆಗೆ ಗುಂಡು

ಕಾಫಿ ಹಣ್ಣು ಕೊಯ್ಯುವ ಪಿಕಿಂಗ್ ಶುರುವಾದರೆ ಕಾರ್ ಶೆಡ್ಡಿನೊಳಗೆ ಕಾಫಿ ಮೂಟೆ, ಕಾರು ಹೊರಗೆ ಹಲಸಿನ ಮರದ ಕೆಳಗೆ. ಮೇಲೆ ಕಾಗೆಗಳು. ದಿನಾ ಬೆಳಿಗ್ಗೆ ಟಾಪಿನ ಮೇಲೆ ಒಣಗಿದ ಹಿಕ್ಕೆ. ಅದನ್ನೂ ನೆನೆಸಿ ನೆನೆಸಿ ತೆಗೆಯುತ್ತಿದ್ದೆ.

ಒಂದು ದಿನ ಧಣಿಗಳಿಗೆ ರೇಗಿತು. ಒಳಗೆ ಹೋಗಿ ಕೋವಿ ತಂದರು. "ಧಣಿ, ಕಾರು ಆಚೆ ತೆಗೀತೀನಿ" ಅಂದೆ. "ಕಾರಿಗೆ ಹೊಡೆಯುತ್ತೇನಾ ನಾನು? ನನ್ನ ಗುರಿ ನಿನಗೆ ಗೊತ್ತಿಲ್ಲ" ಅಂದರು. ಹೊಡೆದರು. ಕಾಗೆಗಳೆಲ್ಲ ಹಾರಿಹೋಗಿ ಪಕ್ಕದ ಸಿಲ್ವರ್ ಓಕಿನಲ್ಲಿ ಕೂತು ನೋಡಿದವು. ಗುಂಡಿನ ಚರೆಗಳೆಲ್ಲ ಸಾಲಾಗಿ ನೇತಾಡುತ್ತಿದ್ದ ಎಳೆ ಹಲಸಿನ ಕಾಯಿಗಳಿಗೆ ಬಡಿದಿದ್ದವು. ಒಂದೊಂದು ತೂತಿನಿಂದಲೂ ಮೇಣ ತೊಟ್ಟಿಕ್ಕತೊಡಗಿತು, ನೇರ ಬಾನೆಟ್ಟಿನ ಮೇಲೆ. ಕಾರು ತೆಗೆಯಲು ಕೀಲಿ ಕೇಳೋಣ ಅಂದರೆ ಧಣಿಗಳು ಅಲ್ಲಿರಬೇಕಲ್ಲ. ಕೀಲಿ ಜೇಬಿನಲ್ಲಿಟ್ಟುಕೊಂಡು ಕಾಗೆಗಳ ಹಿಂದೆ ತೋಟದೊಳಗೆ ಹೋಗಿಬಿಟ್ಟಿದ್ದರು.

ಅವರು ಬರುವಷ್ಟರಲ್ಲಿ ಮೇಣ ಗಟ್ಟಿಯಾಗಿತ್ತು. ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಸವರಿ, ಅಮ್ಮನ ಹಳೇ ಸೀರೆಯ ತುಂಡಿನಿಂದ ಚೂರು ಚೂರೇ ಉರುಳಿಸಿ ಬಿಡಿಸಿದೆ. ಧಣಿಗಳು ಕೋವಿ ಒರಗಿಸಿ, "ಹಲಸಿನ ಮರದ ಕೆಳಗೆ ಯಾವನಾದರೂ ಕಾರು ನಿಲ್ಲಿಸುತ್ತಾನಾ?" ಅಂದರು.

ನಾಯಿಗೆ ಕಾರು

ಅಮ್ಮನಿಗೆ ಆ ಕಾರಿನಲ್ಲಿ ಒಂದು ಸಲ ಕೂರಬೇಕು ಅಂತ ಆಸೆ. ಅವಳ ಸೀರೆ ಹರಿದು ಹರಿದು ಅದನ್ನು ಒರೆಸಲು ಹಾಕುತ್ತಿದ್ದೆನಲ್ಲ, ಆಸೆ ಇರುವುದಿಲ್ಲವೆ? ಜ್ವರ ಬಂದಾಗ ಅಮ್ಮತ್ತಿ ಡಾಕ್ಟರ ಹತ್ತಿರ ಕರೆದೊಯ್ಯಲಾ ಅಂತ ಧಣಿಗಳನ್ನು ಕೇಳಿದೆ. "ಬಳೆ ತಾಗಿದರೆ ಬಣ್ಣ ಹೋಗುತ್ತೆ ಮಾರಾಯ. ಎತ್ತಿನ ಗಾಡಿ ಇದೆಯಲ್ಲ" ಅಂದರು. ಗಾಡಿಯಲ್ಲಿ ಹೋಗಿ ಬಂದೆವು.

ಅದೇ ವಾರ ಅವರ ಬೇಟೆನಾಯಿಗೆ ಹೊಟ್ಟೆ ಕೆಟ್ಟಿತು. ಹಿಂದಿನ ಸೀಟಿನಲ್ಲಿ ಕಂಬಳಿ ಹಾಸಿ ವಿರಾಜಪೇಟೆಗೆ, ದನದ ಡಾಕ್ಟರ ಹತ್ತಿರ ಕರೆದೊಯ್ದೆ. ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ದಾರಿಯುದ್ದಕ್ಕೂ ನಾಯಿ ಕಿಟಕಿಗೆ ಮುಖ ಕೊಟ್ಟು ಗಾಳಿ ಕುಡಿಯುತ್ತಿತ್ತು. ಅದಕ್ಕೆ ಬಳೆ ಇರಲಿಲ್ಲ, ನಿಜ.

ಇಂಗ್ಲೆಂಡಿನ ಬಣ್ಣ

ಮಡಿಕೇರಿಯಿಂದ ದೊಡ್ಡ ಅಧಿಕಾರಿಯೊಬ್ಬರು ಊಟಕ್ಕೆ ಬಂದರು. ಊಟ ಮುಗಿಸಿ ಹೊರಗೆ ಬಂದು ಕಾರು ನೋಡಿ, "ಹೊಸದಾ?" ಅಂದರು. ನನಗೆ ಎದೆ ಉಬ್ಬಿತು. ಧಣಿಗಳಿಗೆ ನನಗಿಂತ ಜಾಸ್ತಿ ಉಬ್ಬಿತು.

"ಹಳೇದೇ. ಇಂಗ್ಲೆಂಡಿನ ಬಣ್ಣ ಅಂದರೆ ಹಾಗೆ. ಏನು ಮಾಡಿದರೂ ಗೀರು ಬೀಳಲ್ಲ, ಇಲ್ಲಿ ನೋಡಿ" ಅಂದವರೇ ಕೀಲಿಕೈ ತೆಗೆದು ಬಾನೆಟ್ಟಿನ ಮೇಲೆ ಎಳೆದರು. ಮೊಳದುದ್ದದ ಗೀರು ಬಿತ್ತು.

ಅಧಿಕಾರಿಗಳು ತಮ್ಮ ಚಪ್ಪಲಿ ನೋಡಿಕೊಂಡರು. ಧಣಿಗಳು ಗೀರು ನೋಡಿದರು, ಕೀಲಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. "ದಿನಾ ಉಜ್ಜಿ ಉಜ್ಜಿ ಬಣ್ಣ ತೆಳ್ಳಗೆ ಮಾಡಿಟ್ಟಿದ್ದೀಯಲ್ಲೋ. ನಾಳೆ ಕೋಣೆ ಖಾಲಿ ಮಾಡು."

ಕೊನೇ ಟ್ರಿಪ್ಪು

ಬೆಳಿಗ್ಗೆ ಪಾತ್ರೆ, ಹಾಸಿಗೆ ಕಟ್ಟಿದೆ. ಗಾಡಿ ಕೇಳಿದೆ. "ಎತ್ತಿನ ಗಾಡಿ ಕಾಫಿ ಹೊರುತ್ತಿದೆ, ಪಿಕಿಂಗ್ ಟೈಮಲ್ಲಿ ಬಿಡಲಿಕ್ಕಾಗಲ್ಲ" ಅಂದರು ಧಣಿಗಳು. ಸ್ವಲ್ಪ ಯೋಚಿಸಿ, "ಕಾರಲ್ಲೇ ಅಮ್ಮತ್ತಿ ಬಸ್ಸಿಗೆ ಬಿಟ್ಟು ಬಾ. ಗೋಣಿ ಹಾಸು. ವಾಪಸು ಬಂದು, ತೊಳೆದು, ಕೀಲಿ ಕೊಟ್ಟು ಹೋಗು" ಅಂದರು. ಹೊರಗೆ ಹಾಕುವ ಮನುಷ್ಯನಿಂದ ಕಾರು ತೊಳೆಸಿಕೊಳ್ಳುವ ಬುದ್ಧಿ ಎಲ್ಲರಿಗೂ ಬರುವುದಿಲ್ಲ.

ಹೀಗೆ ನಮ್ಮಮ್ಮ ಕಡೆಗೂ ಕಾರಿನಲ್ಲಿ ಕೂತಳು, ಹಿಂದೆ, ಎಡಗಡೆ. ಮೊದಲು ಬಳೆ ಬಿಚ್ಚಿ ಸೆರಗಿಗೆ ಕಟ್ಟಿಕೊಂಡಿದ್ದಳು. ಗೇಟು ದಾಟಿದ ಮೇಲೆ ಸಂಚಿ ಬಿಚ್ಚಿ ಎಲೆ ಮಡಿಸಿ ಬಾಯಿಗಿಟ್ಟಳು. ಸ್ವಲ್ಪ ದೂರ ಹೋದಮೇಲೆ ತಲೆ ಹೊರಗೆ ಹಾಕಿ ಉಗುಳಿದಳು. ಗಾಳಿ ತನ್ನ ಕೆಲಸ ಮಾಡಿತು. ನನ್ನ ಕಾಲು ತಾನಾಗಿ ಬ್ರೇಕ್ ಒತ್ತಿತು, ಕೈ ಸೀಟಿನಡಿಯ ಒದ್ದೆ ಬಟ್ಟೆಗೆ ಹೋಯಿತು.

ಅಮ್ಮ ಬಗ್ಗಿ ಬಾಗಿಲು ನೋಡಿ ಗಾಬರಿಯಾದಳು. "ಅಯ್ಯೋ, ಬಣ್ಣದ ಮೇಲೆ ಬಿತ್ತಲ್ಲೋ ಮಗಾ. ಬಟ್ಟೆ ಕೊಡು, ಹಸಿ ಇರುವಾಗಲೇ ಒರೆಸಿಬಿಡ್ತೀನಿ."

ಬಟ್ಟೆಯನ್ನು ಎಲ್ಲಿತ್ತೋ ಅಲ್ಲೇ ಇಟ್ಟೆ. ಗೇರ್ ಹಾಕಿದೆ.

"ಬೇಡಮ್ಮ. ಬಿಸಿಲು ಚೆನ್ನಾಗಿದೆ, ಒಣಗಲಿ. ನೀನು ಇನ್ನೊಂದು ಎಲೆ ಹಾಕ್ಕೊ."